ಕಲ್ಲಿನ ಮೇಲೆ ಪಟ್ಟೆಬೆಳಕು



ಠಾಣೆ ಸೀಮೆಯ ಕನ್ನಡಿಗರು ಸೇರುವ ಇಂಥ ವೇದಿಕೆಯಲ್ಲಿ ವಚನ, ದಾಸಸಾಹಿತ್ಯ, ಯಕ್ಷಗಾನಗಳನ್ನು ಕುರಿತು ಬಲ್ಲವರು ಮಾತಾಡುವುದು ವಾಡಿಕೆ. ನಾನು ಅಳತೆಯ ಕಸುಬಿನವನು. ಕಾರ್ಖಾನೆಯ ತಪಾಸಣಾ ವಿಭಾಗದಲ್ಲಿ ವರ್ನಿಯರ್, ಮೈಕ್ರೋಮೀಟರ್, ಹೈಟ್‌ಗೇಜ್‌ಗಳ ನಡುವೆ ಉದ್ಯೋಗದ ಕಾಲವನ್ನು ಕಳೆದವನು. ಆದ್ದರಿಂದ ನನಗೆ ತಿಳಿದ ದಾರಿಯಿಂದಲೇ ಹೊರಟು, ನಿಮಗೆ ಪ್ರಿಯವಾದ ಊರಿಗೆ, ಅಂದರೆ ಶಾಸನಗಳ ಹತ್ತಿರಕ್ಕೆ, ಬರುತ್ತೇನೆ. ವಿಷಯ ಇದು: ವಸ್ತುವಿನ ಮೇಲೆ ಬೆಳಕಿನ ಪಟ್ಟೆಗಳನ್ನು ಚೆಲ್ಲಿ ಅದರ ಉಬ್ಬುತಗ್ಗುಗಳನ್ನೆಲ್ಲ ಅಳೆಯುವ ವಿದ್ಯೆ. ಎಂಜಿನಿಯರುಗಳು ಇದನ್ನು ಸ್ಟ್ರಕ್ಚರ್ಡ್ ಲೈಟ್ ಸ್ಕ್ಯಾನಿಂಗ್ ಎನ್ನುತ್ತಾರೆ. ನಾನು ಈ ಹೊತ್ತು ಪಟ್ಟೆಬೆಳಕು ಎಂದು ಕರೆಯುತ್ತೇನೆ.

ಮೊದಲು ಈ ಬೆಳಕು ಅಳೆಯುವುದು ಹೇಗೆ ಎಂಬುದನ್ನು ಹೇಳುತ್ತೇನೆ. ಆಮೇಲೆ ಬೆಂಗಳೂರಿನ ಶಾಸನಗಳ ಮೇಲೆ ನಡೆದಿರುವ ಕೆಲಸ. ಮೂರನೆಯದಾಗಿ ನಾವು ಬದುಕುತ್ತಿರುವ ಈ ಠಾಣೆ ಸೀಮೆಯ ಕಲ್ಲು ಮತ್ತು ತಾಮ್ರಗಳು. ಕೊನೆಗೆ ಈ ವಿದ್ಯೆ ಎಲ್ಲೆಲ್ಲಿ ಕೈಕೊಡುತ್ತದೆ ಎಂಬುದು. ಯಂತ್ರಗಳ ಬೆಲೆಯನ್ನಾಗಲಿ ಕಂಪೆನಿಗಳ ಹೆಸರನ್ನಾಗಲಿ ಹೇಳಹೋಗುವುದಿಲ್ಲ; ಅವೆರಡೂ ಈ ಉಪನ್ಯಾಸ ಅಚ್ಚಾಗುವಷ್ಟರಲ್ಲಿ ಹಳತಾಗುತ್ತವೆ. ಒಂದು ಮಾತನ್ನು ಮಾತ್ರ ಈಗಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸ್ಕ್ಯಾನ್ ಎಂದರೆ ಫೋಟೋ ಅಲ್ಲ, ಅಳತೆ. ಫೋಟೋ ತೆಗೆದವನು ಬೆಳಕನ್ನು ಎಲ್ಲಿಂದ ಬಿಟ್ಟನೋ ಅದನ್ನೇ ನಾವು ನೋಡಬೇಕು. ಅಳತೆಯನ್ನು ನಾಳೆ ಇನ್ನೊಬ್ಬರು ತೆಗೆದುಕೊಂಡು, ಮೊದಲು ಓದಿದವರ ಜೊತೆ ಜಗಳಕ್ಕೂ ನಿಲ್ಲಬಹುದು.

ಇನ್ನು ಮೊದಲನೆಯ ಭಾಗಕ್ಕೆ ಬರೋಣ. ಬೆಳಗಿನ ಲೋಕಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕ ಭಾಗ್ಯಶಾಲಿಗಳು ಇದನ್ನು ಕಂಡಿರುತ್ತೀರಿ. ಕಿಟಕಿಯ ಅಡ್ಡಸರಳುಗಳ ನೆರಳು ತೊಡೆಯ ಮೇಲಿನ ಚೀಲದ ಮೇಲೆ ಸಾಲಾಗಿ ಬೀಳುತ್ತದೆ. ಚೀಲ ಚಪ್ಪಟೆಯಾಗಿದ್ದರೆ ಸಾಲು ನೇರ. ಒಳಗೆ ಊಟದ ಡಬ್ಬಿ ಇದ್ದರೆ, ಡಬ್ಬಿ ಉಬ್ಬಿದ ಕಡೆ ನೆರಳಿನ ಗೆರೆ ಬಾಗುತ್ತದೆ. ಸೂರ್ಯ ಇರುವ ಜಾಗದಿಂದಲೇ ನೋಡಲು ಸಾಧ್ಯವಿದ್ದರೆ ಚೀಲ ಎಷ್ಟು ಉಬ್ಬಿದ್ದರೂ ಆ ಗೆರೆ ನೇರವಾಗಿಯೇ ಕಂಡೀತು. ನಮ್ಮ ಕಣ್ಣು ಪಕ್ಕಕ್ಕೆ ಸರಿದಿರುವುದರಿಂದ ಬಾಗು ಕಾಣುತ್ತದೆ. ಬಾಗಿದ್ದು ಎಷ್ಟು ಎಂದು ಗೊತ್ತಾದರೆ ಉಬ್ಬಿದ್ದು ಎಷ್ಟು ಎಂದು ಲೆಕ್ಕ ಹಾಕಬಹುದು. ಇಡೀ ವಿದ್ಯೆಯ ಬುಡ ಇಷ್ಟೇ. ಸೂರ್ಯನ ಜಾಗದಲ್ಲಿ ಪ್ರೊಜೆಕ್ಟರ್, ಕಣ್ಣಿನ ಜಾಗದಲ್ಲಿ ಕ್ಯಾಮೆರಾ, ಸರಳುಗಳ ಜಾಗದಲ್ಲಿ ಕಂಪ್ಯೂಟರ್ ಬರೆದುಕೊಟ್ಟ ಕಪ್ಪುಬಿಳಿ ಪಟ್ಟೆಗಳು.

ಪ್ರೊಜೆಕ್ಟರ್, ಕ್ಯಾಮೆರಾ, ಕಲ್ಲಿನ ಮೇಲಿನ ಒಂದು ಬಿಂದು: ಇವು ಮೂರೂ ಸೇರಿ ಒಂದು ತ್ರಿಕೋನ. ಒಂದು ಬದಿಯ ಉದ್ದ, ಅದರ ಎರಡು ತುದಿಗಳ ಕೋನ ಗೊತ್ತಿದ್ದರೆ ಮೂರನೆಯ ಬಿಂದು ಎಲ್ಲಿದೆ ಎಂದು ಹೇಳಬಹುದು ಎಂಬುದು ಹೈಸ್ಕೂಲಿನ ಪಾಠ. ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಹತ್ತಿರ ಸರಪಳಿ ಎಳೆದು ಒಂದು ಆಧಾರರೇಖೆಯನ್ನು ಅಳೆದು, ಅದರಿಂದ ಬೆಟ್ಟದಿಂದ ಬೆಟ್ಟಕ್ಕೆ ತ್ರಿಕೋನ ಕಟ್ಟುತ್ತಾ ಮೈಸೂರು ಸೀಮೆಯನ್ನು ಅಳೆಯಲು ಹೊರಟಿದ್ದು ಇದೇ ಲೆಕ್ಕದಿಂದ. ಅವನ ಆಧಾರರೇಖೆ ಮೈಲಿಗಟ್ಟಲೆ ಉದ್ದ. ನಮ್ಮ ಸ್ಕ್ಯಾನರಿನದು ಒಂದು ಗೇಣು.

ಒಂದು ಲೆಕ್ಕ ಮಾಡಿ ನೋಡೋಣ. ಪ್ರೊಜೆಕ್ಟರಿಗೂ ಕ್ಯಾಮೆರಾಕ್ಕೂ ನಡುವೆ 20 ಸೆಂಟಿಮೀಟರ್, ಕಲ್ಲು 50 ಸೆಂಟಿಮೀಟರ್ ದೂರ. ಕಲ್ಲಿನ ಮೈ ಒಂದು ಕಡೆ 1 ಮಿಲಿಮೀಟರ್ ಒಳಸರಿದಿದ್ದರೆ ಅಲ್ಲಿ ಪಟ್ಟೆ ಸುಮಾರು 0.4 ಮಿಲಿಮೀಟರ್ ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ಕ್ಯಾಮೆರಾದ ಒಂದು ಪಿಕ್ಸೆಲ್ ಕಲ್ಲಿನ ಮೇಲೆ 0.2 ಮಿಲಿಮೀಟರ್ ಜಾಗವನ್ನು ಕಾಣುವುದಾದರೆ ಇದು ಎರಡು ಪಿಕ್ಸೆಲ್. ಪಟ್ಟೆಯ ಜಾಗವನ್ನು ಪಿಕ್ಸೆಲಿನ ಹತ್ತನೇ ಒಂದು ಪಾಲಿನವರೆಗೆ ಗುರುತಿಸಬಹುದು. ಹಾಗಾದರೆ ಆಳದಲ್ಲಿ 0.05 ಮಿಲಿಮೀಟರ್ ವ್ಯತ್ಯಾಸವೂ ಸಿಕ್ಕಿಬೀಳುತ್ತದೆ. ಇದು ಕಾಗದದ ಮೇಲಿನ ಲೆಕ್ಕ. ಬಯಲಿನಲ್ಲಿ ಕೈಯಲ್ಲಿ ಹಿಡಿದು ಓಡಾಡಿಸುವ ಸ್ಕ್ಯಾನರಿಗೆ 0.1 ಮಿಲಿಮೀಟರ್ ಸಿಕ್ಕರೆ ಅದು ಒಳ್ಳೆಯ ಕೆಲಸ. ಮಳೆಗಾಳಿಗೆ ಸವೆದ ಶಾಸನಾಕ್ಷರದ ಆಳ ಎಷ್ಟೋ ಕಡೆ ಅರ್ಧ ಮಿಲಿಮೀಟರೂ ಇರುವುದಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಈ ಅಂಕಿಯ ಬೆಲೆ ತಿಳಿಯುತ್ತದೆ.

ಇಲ್ಲಿ ಒಂದು ತೊಡಕಿದೆ. ಪಟ್ಟೆಗಳೆಲ್ಲ ಒಂದೇ ಬಗೆ. ಕ್ಯಾಮೆರಾ ಕಂಡ ಪಟ್ಟೆ ನೂರರಲ್ಲಿ ಎಷ್ಟನೆಯದು? ಒಂದು ಹೋಗಿ ಇನ್ನೊಂದೆಂದು ತಿಳಿದರೆ ಅಳತೆ ಹದಗೆಟ್ಟಿತು. ಇದಕ್ಕೆ ಪ್ರತಿ ಪಟ್ಟೆಗೂ ಒಂದು ಗುರುತಿನ ಸಂಖ್ಯೆ ಕೊಡುತ್ತಾರೆ. ಮೊದಲ ಸಲ ಅರ್ಧ ಕಪ್ಪು, ಅರ್ಧ ಬಿಳಿ. ಎರಡನೆಯ ಸಲ ಕಾಲುಕಾಲು. ಹೀಗೆ ಒಂದರ ಮೇಲೊಂದು ಹತ್ತು ವಿನ್ಯಾಸಗಳನ್ನು ಚೆಲ್ಲಿದರೆ 1024 ಸಾಲುಗಳಲ್ಲಿ ಒಂದೊಂದಕ್ಕೂ ಬೇರೆಬೇರೆ ಕಪ್ಪುಬಿಳಿ ಸರಣಿ ಸಿಗುತ್ತದೆ. ಅಕ್ಕಪಕ್ಕದ ಸಾಲುಗಳ ಸರಣಿಯಲ್ಲಿ ಒಂದೇ ಒಂದು ವ್ಯತ್ಯಾಸ ಇರುವಂತೆ ಜೋಡಿಸಿದರೆ ಗಡಿಯಲ್ಲಿ ತಪ್ಪಿದರೂ ಒಂದೇ ಸಾಲು ತಪ್ಪೀತು. ಈ ಜೋಡಣೆ ಅಮೆರಿಕದ ಬೆಲ್ ಲ್ಯಾಬ್ಸಿನ ಫ್ರಾಂಕ್ ಗ್ರೇ ಅವರ ಹೆಸರಿನಲ್ಲಿದೆ. 1953ರಲ್ಲಿ ಪೇಟೆಂಟ್ ಆಯಿತು. ಅವರು ಯೋಚಿಸಿದ್ದು ಸಂಕೇತ ಕಳಿಸುವ ಕೆಲಸಕ್ಕಾಗಿ. ಅದು ಶಿಲಾಶಾಸನಕ್ಕೂ ಒದಗೀತೆಂದು ಅವರಿಗೆ ಹೊಳೆದಿರಲಾರದು.

ಇನ್ನೂ ನಯವಾದ ಉಪಾಯ ಮತ್ತೊಂದಿದೆ. ಕಪ್ಪುಬಿಳಿಯ ಗಡುಸು ಪಟ್ಟೆಯ ಬದಲು ಅಲೆಯಂತೆ ಏರಿಳಿಯುವ ಬೂದುಬಣ್ಣದ ಪಟ್ಟೆಯನ್ನು ಬಿಡುವುದು; ಅದನ್ನು ಕಾಲುಪಾಲಿನಷ್ಟು ಸರಿಸುತ್ತಾ ನಾಲ್ಕು ಚಿತ್ರ ತೆಗೆಯುವುದು. ಒಂದು ಬಿಂದುವಿನ ಹೊಳಪು ನಾಲ್ಕೂ ಚಿತ್ರಗಳಲ್ಲಿ ಹೇಗೆ ಬದಲಾಯಿತು ಎಂಬುದರಿಂದ ಆ ಬಿಂದು ಅಲೆಯ ಯಾವ ಜಾಗದಲ್ಲಿದೆ ಎಂದು ತಿಳಿಯುತ್ತದೆ. ಈ ಲೆಕ್ಕದಲ್ಲಿ ಕಲ್ಲಿನ ಸ್ವಂತ ಬಣ್ಣ ಹೊಡೆದುಹೋಗುತ್ತದೆ. ಕಲ್ಲುಹೂವು ಬೆಳೆದ ಬಿಳಿ ಮಚ್ಚೆ, ಎಣ್ಣೆ ಸುರಿದ ಕರಿ ಕಲೆ, ಯಾವುದೂ ಆಳದ ಅಂಕಿಯೊಳಗೆ ಬರುವುದಿಲ್ಲ. ಫೋಟೋದಲ್ಲಿ ಕಲೆಯನ್ನೇ ಅಕ್ಷರವೆಂದು ತಿಳಿದು ಮೋಸಹೋದವರಿಗೆ ಇದರ ಸುಖ ಗೊತ್ತು.

ಚರಿತ್ರೆಯನ್ನು ಬೇಗ ಮುಗಿಸುತ್ತೇನೆ. ಜಪಾನಿನ ತಾಕಾಸಾಕಿ 1970ರಲ್ಲಿ ಜಾಲರಿಯ ನೆರಳಿನಿಂದ ವಸ್ತುಗಳ ಮೇಲೆ ಭೂಪಟದಂಥ ಎತ್ತರದ ಗೆರೆಗಳನ್ನು ಮೂಡಿಸಿ ತೋರಿಸಿದರು. 1983ರಲ್ಲಿ ತಾಕೆದಾ ಮತ್ತು ಮುತೋ ಪಟ್ಟೆಯ ಚಿತ್ರದಿಂದ ಕಂಪ್ಯೂಟರೇ ಎತ್ತರವನ್ನು ಲೆಕ್ಕ ಹಾಕುವ ಗಣಿತವನ್ನು ಕೊಟ್ಟರು. ಡಿಜಿಟಲ್ ಪ್ರೊಜೆಕ್ಟರು ಅಗ್ಗವಾದ ಮೇಲೆ ಈ ವಿದ್ಯೆ ಪ್ರಯೋಗಾಲಯದಿಂದ ಹೊರಬಂತು. 2010ರಲ್ಲಿ ಕಿನೆಕ್ಟ್ ಎಂಬ ಆಟದ ಸಾಮಾನಿನೊಳಗೆ ಸೇರಿತು; 2017ರಲ್ಲಿ ಐಫೋನ್ ಟೆನ್ ನಮ್ಮ ಮುಖದ ಮೇಲೆ ಮೂವತ್ತು ಸಾವಿರಕ್ಕೂ ಹೆಚ್ಚು ಕಾಣದ ಚುಕ್ಕೆಗಳನ್ನು ಚೆಲ್ಲಿ ಗುರುತು ಹಿಡಿಯತೊಡಗಿತು. ಫೋನ್ ತೆರೆಯಲು ಮುಖ ತೋರಿಸುವ ನಿಮ್ಮ ಮೊಮ್ಮಕ್ಕಳು ದಿನಕ್ಕೆ ಎಷ್ಟು ಸಲ ಈ ಅಳತೆಗೆ ಒಳಗಾಗುತ್ತಾರೋ ಲೆಕ್ಕವಿಲ್ಲ.

ಕಾರ್ಖಾನೆಗಳಲ್ಲಿ ಇದರ ಬಳಕೆಯ ಬಗ್ಗೆ ಒಂದೆರಡು ಮಾತು ಸಾಕು. ವಾಗ್ಳೆ ಎಸ್ಟೇಟ್, ಡೊಂಬಿವಲಿ ಎಂಐಡಿಸಿ, ನವಿ ಮುಂಬಯಿಯ ಟಿಟಿಸಿ ಪಟ್ಟಿ: ಇಲ್ಲೆಲ್ಲ ನಕ್ಷೆ ಕಳೆದುಹೋದ ಹಳೆಯ ಯಂತ್ರಗಳಿಗೆ ಬರವಿಲ್ಲ. ಪಂಪಿನ ಇಂಪೆಲ್ಲರ್ ಸವೆದಿದೆ, ತಯಾರಿಸಿದ ಕಂಪೆನಿ ಮುಚ್ಚಿದೆ ಎಂದಿಟ್ಟುಕೊಳ್ಳಿ. ಅದರ ರೆಕ್ಕೆಯ ತಿರುವನ್ನು ವರ್ನಿಯರಿನಿಂದ ಹಿಡಿಯಲಾಗದು; ಪಟ್ಟೆಬೆಳಕು ಹಿಡಿಯುತ್ತದೆ. ಆದರೆ ಅದು ಸವೆದದ್ದನ್ನು ಸವೆದಂತೆಯೇ ಹೇಳುತ್ತದೆ. ಹೊಸದಾಗಿದ್ದಾಗ ಹೇಗಿತ್ತು ಎಂಬುದನ್ನು ಕಸುಬುದಾರನೇ ಊಹಿಸಿ ತುಂಬಬೇಕು. ಈ ಮಾತು ಶಾಸನಕ್ಕೂ ಸಲ್ಲುತ್ತದೆ. ಹಲ್ಲಿಗೆ ಕ್ಯಾಪ್ ಹಾಕುವ ಡಾಕ್ಟರು ಈಚೆಗೆ ಬಾಯಿಗೆ ಮೇಣದಂಥ ಮುದ್ದೆ ಒತ್ತುವ ಬದಲು ಪೆನ್ನಿನಂಥ ಸ್ಕ್ಯಾನರನ್ನು ಓಡಾಡಿಸುತ್ತಾರಲ್ಲ, ಅದೂ ಈ ವಂಶದ್ದೇ.

ಈಗ ಎರಡನೆಯ ಭಾಗ, ಬೆಂಗಳೂರಿನ ಕೆಲಸ. ಅದರ ಹೊಸತನ ತಿಳಿಯಬೇಕಾದರೆ ಹಳೆಯ ಕ್ರಮವನ್ನು ಒಮ್ಮೆ ನೋಡಬೇಕು. ಶಾಸನತಜ್ಞರು ಬಹುಕಾಲದಿಂದ ಮಾಡುತ್ತ ಬಂದದ್ದು ಪಡಿಯಚ್ಚು ತೆಗೆಯುವುದನ್ನು. ಕಲ್ಲನ್ನು ಬ್ರಷ್ಷಿನಿಂದ ಉಜ್ಜಿ ತೊಳೆಯುತ್ತಾರೆ. ನೆನೆಸಿದ ಕಾಗದವನ್ನು ಗಾಳಿಗುಳ್ಳೆ ಉಳಿಯದಂತೆ ಹಾಸುತ್ತಾರೆ. ಗಡುಸು ಬ್ರಷ್ಷಿನಿಂದ ತಟ್ಟುತ್ತ ತಟ್ಟುತ್ತ ಕಾಗದ ಅಕ್ಷರದ ಗೀರಿನೊಳಗೆ ಇಳಿಯುವಂತೆ ಮಾಡುತ್ತಾರೆ. ಅರೆ ಒಣಗಿದಾಗ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಹಗುರವಾಗಿ ಒತ್ತುತ್ತಾರೆ. ಮೇಲಿನ ಮೈ ಕಪ್ಪಾಗುತ್ತದೆ, ಇಳಿದ ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಒಣಗಿದ ಮೇಲೆ ಮೆಲ್ಲಗೆ ಸುಲಿದು ತೆಗೆಯಬೇಕು. ಕೈ ಪಳಗಿದವರ ಪಡಿಯಚ್ಚು ನೋಡುವುದೇ ಒಂದು ಸೊಗಸು. ಕರ್ನಾಟಕದ ಶಾಸನಸಂಪತ್ತು ನಮಗೆ ದಕ್ಕಿದ್ದು ಹೀಗೆ ತಟ್ಟಿದ ಕೈಗಳಿಂದ. ಬೆಂಜಮಿನ್ ಲೂಯಿ ರೈಸ್ ಅವರ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಬೆಂಗಳೂರು ಜಿಲ್ಲೆಯ ಸಂಪುಟ, ಒಂಬತ್ತನೆಯದು, 1905ರಲ್ಲಿ ಹೊರಬಂತು.

ಆದರೆ ಪಡಿಯಚ್ಚಿಗೆ ಆಳ ಗೊತ್ತಿಲ್ಲ. ಉಳಿ ಕೊರೆದ ಗೀರೂ ಬಿಳಿ, ಕಲ್ಲು ಸಿಡಿದ ಚಕ್ಕೆಯೂ ಬಿಳಿ. ಹಳೆಯ ಲಿಪಿಯಲ್ಲಿ ‘ಪ’ಕಾರದ ಬಾಯಿ ಮೇಲೆ ತೆರೆದಿರುತ್ತದೆ, ‘ವ’ಕಾರದ್ದು ಮುಚ್ಚಿರುತ್ತದೆ. ಆ ಸಣ್ಣ ಜಾಗದಲ್ಲಿ ಚಕ್ಕೆ ಎದ್ದಿದ್ದರೆ ಪಡಿಯಚ್ಚು ನೋಡುವವರು ಊಹೆಗೆ ಬೀಳುತ್ತಾರೆ. ಸ್ಕ್ಯಾನಿನಲ್ಲಿ ಅದೇ ಜಾಗವನ್ನು ಅಡ್ಡಕ್ಕೆ ಕತ್ತರಿಸಿದಂತೆ ತೆರೆದು ನೋಡಬಹುದು. ಉಳಿಯ ಗೀರಿಗೆ ಎರಡು ಕಡೆ ಇಳಿಜಾರು, ನಡುವೆ ತಳ. ಆ ತಳ ಅಕ್ಷರದ ಉದ್ದಕ್ಕೂ ಓಡುತ್ತದೆ. ಚಕ್ಕೆಗೆ ಅಂಥ ಶಿಸ್ತು ಇರುವುದಿಲ್ಲ. ಪರದೆಯ ಮೇಲೆ ಸೂರ್ಯನನ್ನು ಬೇಕಾದ ಕಡೆ ಇಟ್ಟು ನೆರಳು ಬೀಳಿಸಬಹುದು. ಕಲ್ಲಿನ ಬಣ್ಣವನ್ನೇ ತೆಗೆದುಹಾಕಿ ಬರೀ ಮೈಯನ್ನು ನೋಡಬಹುದು. ಆಳಕ್ಕೊಂದು ಬಣ್ಣ ಕೊಟ್ಟು ತಗ್ಗನ್ನೆಲ್ಲ ಎದ್ದು ಕಾಣಿಸಬಹುದು. ಹಿಂದಿನವರು ಸಂಜೆಯ ಓರೆಬಿಸಿಲಿಗೆ ಕಾದು ಕೂತು, ಇಲ್ಲವೇ ಕನ್ನಡಿ ಹಿಡಿದು ಬೆಳಕು ಹಾಯಿಸಿ ಮಾಡುತ್ತಿದ್ದ ಕೆಲಸ ಇದು.

ಬೆಂಗಳೂರಿನಲ್ಲಿ ಇದು ಶುರುವಾದದ್ದು ಸರಕಾರಿ ಆದೇಶದಿಂದಲ್ಲ, ಊರಿನ ಜನರಿಂದ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ವೀರಗಲ್ಲು ಹೊರಬಿತ್ತು. ಗಂಗ ದೊರೆ ಶ್ರೀಪುರುಷನ ಕಾಲದ್ದು, ಸುಮಾರು ಕ್ರಿ.ಶ. 750ರದ್ದು. ಕಾದಿ ಮಡಿದ ಕಿತ್ತಯ್ಯ ಎಂಬವನ ಹೆಸರು ಅದರಲ್ಲಿದೆ. ಬೆಂಗಳೂರು ನಗರದೊಳಗೆ ಸಿಕ್ಕ ಅತಿ ಹಳೆಯ ಕನ್ನಡ ಶಾಸನವೆಂದು ಅದಕ್ಕೆ ಹೆಸರು ಬಂತು. ಬೆಂಗಳೂರು ಎಂಬ ಹೆಸರನ್ನು ಹೊತ್ತ ಬೇಗೂರಿನ ಪ್ರಸಿದ್ಧ ಶಾಸನ ಅದಕ್ಕಿಂತ ನೂರಕ್ಕೂ ಹೆಚ್ಚು ವರ್ಷ ಈಚಿನದು. ಹೆಬ್ಬಾಳದವರು ತಾವೇ ಹಣ ಕೂಡಿಸಿ ಆ ಕಲ್ಲಿಗೆ ಮಂಟಪ ಕಟ್ಟಿಸಿದರು. ಶಾಸನಗಳ ಬೆನ್ನುಹತ್ತಿ ಊರೂರು ತಿರುಗುತ್ತಿದ್ದವರ ಉತ್ಸಾಹ 2021ರ ಜನವರಿಯಲ್ಲಿ ಒಂದು ಸಂಸ್ಥೆಯ ನೆರಳಿಗೆ ಬಂತು. 1909ರಲ್ಲಿ ಹುಟ್ಟಿದ ಮಿಥಿಕ್ ಸೊಸೈಟಿ, ಪಿ.ಎಲ್. ಉದಯಕುಮಾರ್ ಅವರ ನಿರ್ದೇಶನದಲ್ಲಿ, ಬೆಂಗಳೂರು ಶಾಸನಗಳ ಮೂರು ಆಯಾಮದ ಡಿಜಿಟಲ್ ಸಂರಕ್ಷಣೆಯ ಯೋಜನೆಯನ್ನು ಕೈಗೆತ್ತಿಕೊಂಡಿತು.

ಅವರ ಕ್ರಮದಲ್ಲಿ ನನಗೆ ಮೆಚ್ಚಿಕೆಯಾದದ್ದು ಎರಡು. ರೈಸ್ ದಾಖಲಿಸಿದ ಕಲ್ಲುಗಳನ್ನು ಹುಡುಕಿಕೊಂಡು ಆ ಊರುಗಳಿಗೇ ಹೋದರು. ಎಷ್ಟೋ ಕಲ್ಲು ಈಗ ಇಲ್ಲ ಎಂಬುದೂ, ರೈಸ್ ಕಾಣದ ಎಷ್ಟೋ ಕಲ್ಲು ಇದೆ ಎಂಬುದೂ ಹಾಗೆ ಹೋದದ್ದರಿಂದ ಗೊತ್ತಾಯಿತು. ಎರಡನೆಯದು, ಸ್ಕ್ಯಾನಿನಿಂದ ಒಂದೊಂದು ಅಕ್ಷರವನ್ನೂ ಬಿಡಿಸಿ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶದ ಮೂಲಕ ಎಲ್ಲರಿಗೂ ತೆರೆದಿಟ್ಟರು. ಎಂಟನೆಯ ಶತಮಾನದ ಒಂದು ಅಕ್ಷರ ಹೇಗಿತ್ತು, ಹದಿನಾಲ್ಕನೆಯ ಶತಮಾನದಲ್ಲಿ ಹೇಗಾಯಿತು ಎಂದು ನೋಡಲು ಈಗ ಯಾವ ಕಚೇರಿಯ ಬೀರುವಿನ ಕೀಲಿಗೂ ಕಾಯಬೇಕಿಲ್ಲ. ಡೊಂಬಿವಲಿಯ ಒಂದು ಕೋಣೆಯ ಮನೆಯಲ್ಲಿ ಕೂತ ವಿದ್ಯಾರ್ಥಿಯೂ ನೋಡಬಹುದು. ಸಂರಕ್ಷಣೆ ಎಂದು ಹೇಳಿ ಹಾರ್ಡ್‌ಡಿಸ್ಕಿನಲ್ಲಿ ಬೀಗ ಹಾಕಿಡುವುದು ನಮ್ಮಲ್ಲಿ ಮಾಮೂಲಾಗಿರುವಾಗ ಇದು ದೊಡ್ಡ ಮಾತು.

ಮೂರನೆಯ ಭಾಗಕ್ಕೆ ಬರುತ್ತೇನೆ. ನಮ್ಮ ಈ ಸೀಮೆಯಲ್ಲಿ ಅಳೆಯಲು ಏನಿದೆ?

ಉತ್ತರ ಕೊಂಕಣವನ್ನು ಒಂಬತ್ತರಿಂದ ಹದಿಮೂರನೆಯ ಶತಮಾನದವರೆಗೆ ಆಳಿದ ಶಿಲಾಹಾರರಿಗೆ ಸ್ಥಾನಕ, ಅಂದರೆ ಈ ಠಾಣೆ, ರಾಜಧಾನಿ. ಮೊದಲಿಗೆ ಅವರು ರಾಷ್ಟ್ರಕೂಟರ ಸಾಮಂತರು. ಬೊರಿವಲಿಯ ಕಾಡಿನೊಳಗಿರುವ ಕನ್ಹೇರಿ ಗುಹೆಗಳಲ್ಲಿ ಶಿಲಾಹಾರ ಪುಲ್ಲಶಕ್ತಿ ಮತ್ತು ಕಪರ್ದಿಯ ಕಾಲದ ಶಾಸನಗಳಿವೆ; ಅವುಗಳಲ್ಲಿ ಸಾರ್ವಭೌಮನಾಗಿ ಹೆಸರು ಬರುವುದು ಅಮೋಘವರ್ಷನದು. ಮಳಖೇಡದ ನಮ್ಮ ನೃಪತುಂಗನ ಹೆಸರು ಬೊರಿವಲಿಯ ಬಂಡೆಯ ಮೇಲಿದೆ ಎಂಬುದನ್ನು ಪಿಕ್‌ನಿಕ್ಕಿಗೆ ಹೋಗುವ ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ. ಶಿಲಾಹಾರರ ದಾನಪತ್ರಗಳು ಸಂಸ್ಕೃತದಲ್ಲಿದ್ದರೂ ‘ನನ್ನಿಸಮುದ್ರ’, ‘ಮಲಗಲಗಂಡ’ದಂಥ ಕನ್ನಡ ಬಿರುದುಗಳು ಅವುಗಳ ನಡುವೆ ಇಣುಕುತ್ತವೆ. ವಾ.ವಿ. ಮಿರಾಶಿ 1977ರಲ್ಲಿ ಈ ವಂಶದ ಶಾಸನಗಳನ್ನೆಲ್ಲ ಒಂದು ಸಂಪುಟದಲ್ಲಿ ಕೂಡಿಸಿಕೊಟ್ಟರು. ಇಷ್ಟರಿಂದ ಈ ನೆಲ ನಮ್ಮದೆಂದು ಹಕ್ಕು ಸಾಧಿಸಲು ನಾನು ಹೊರಟಿಲ್ಲ. ಇದು ಮರಾಠಿಗರ ಪರಂಪರೆ, ಅದರಲ್ಲಿ ನಮಗೂ ಒಂದು ಎಳೆ ಇದೆ ಎನ್ನುವುದಷ್ಟೇ.

ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಅಂಬರನಾಥ. ಕಲ್ಯಾಣದಿಂದ ಮೂರು ಸ್ಟೇಷನ್ ಆಚೆಗೆ, ವಾಲ್ಧುನಿ ಹೊಳೆಯ ದಡದ ಶಿವಾಲಯ. ಅದರ ಉತ್ತರ ಬಾಗಿಲಿನ ತೊಲೆಯ ಮೇಲೆ ಒಂದು ಶಾಸನವಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಅದನ್ನು ಮೊದಲು ಓದಿದ ಡಾ. ಭಾವು ದಾಜಿ ಶಕವರ್ಷವನ್ನು 782 ಎಂದರು. ಪಂಡಿತ ಭಗವಾನಲಾಲ್ ಇಂದ್ರಜಿ ಮತ್ತೆ ಪರೀಕ್ಷಿಸಿ 982 ಎಂದರು. ಇಂದು ಎಲ್ಲರೂ ಒಪ್ಪುವುದು ಎರಡನೆಯದನ್ನು. ಅಂದರೆ 1060, ಶಿಲಾಹಾರ ಮುಮ್ಮುಣಿಯ ಕಾಲ. ನೂರರ ಸ್ಥಾನದಲ್ಲಿ ಒಂದೇ ಒಂದು ಅಂಕಿ, ಏಳೋ ಒಂಬತ್ತೋ. ಇಬ್ಬರೂ ಘನ ವಿದ್ವಾಂಸರು. ಆ ಒಂದು ಗೀರಿನ ಮೇಲೆ ದೇವಾಲಯದ ಪ್ರಾಯ ಇನ್ನೂರು ವರ್ಷ ಹಿಂದೆಮುಂದೆ ಆಯಿತು. 782 ಎಂದಿಟ್ಟುಕೊಂಡರೆ ಅದು ಅಮೋಘವರ್ಷನ ಕಾಲದ ಗುಡಿ, ವಾಸ್ತುವಿನ ಚರಿತ್ರೆಯನ್ನೇ ತಿದ್ದಿ ಬರೆಯಬೇಕು. 982 ಆದರೆ ಮಾಳವ ಕಡೆಯಿಂದ ಬಂದ ಭೂಮಿಜ ಶೈಲಿಯ ಕಾಲಕ್ಕೆ ಸರಿಯಾಗಿ ಕೂಡುತ್ತದೆ. ಅಕ್ಷರಗಳ ಆಳದ ಅಳತೆ ಕೈಯಲ್ಲಿದ್ದರೆ ಇಂಥ ವಾದವನ್ನು ಮೇಜಿನ ಮೇಲೆ ತೆರೆದಿಟ್ಟು ಮಾಡಬಹುದು. ಭಗವಾನಲಾಲರಂತೆ ಕಣ್ಣಾರೆ ಹೋಗಿ ನೋಡುವುದಂತೂ ಬೇಕೇ ಬೇಕು. ಆದರೆ ಕಲ್ಲು ಸವೆಯುತ್ತಿರುತ್ತದೆ. ನೂರು ವರ್ಷದ ಮೇಲೆ ನೋಡಹೋದವರಿಗೆ ಆ ಗೀರು ಅಲ್ಲಿ ಇರುತ್ತದೆಂಬ ಭರವಸೆ ಏನು?

ಈ ಆತಂಕ ಹೊಸದೇನಲ್ಲ. 1868ರ ಸುಮಾರಿಗೆ ಮುಂಬಯಿ ಸರಕಾರ ಬಾಂಬೆ ಸ್ಕೂಲ್ ಆಫ್ ಆರ್ಟಿನವರನ್ನು ಅಂಬರನಾಥಕ್ಕೆ ಕಳಿಸಿ ಶಿಲ್ಪಗಳ ಚಿತ್ರಗಳನ್ನೂ ಪ್ಲಾಸ್ಟರ್ ಅಚ್ಚುಗಳನ್ನೂ ಮಾಡಿಸಿತು. ಅದೇ ಹೊತ್ತಿನಲ್ಲಿ, 1869–70ರಲ್ಲಿ, ಹೆನ್ರಿ ಕೋಲ್ ಎಂಬ ಸೇನಾಧಿಕಾರಿ ಸಾಂಚಿಯ ಪೂರ್ವದ ತೋರಣದ ಪೂರ್ತಿ ಅಚ್ಚು ತೆಗೆಸಿದ. ಅದರ ಪ್ರತಿಗಳು ಯುರೋಪಿನ ಹಲವು ನಗರಗಳಿಗೆ ಹೋದವು, ಬರ್ಲಿನ್ನಿಗೂ ಒಂದು. 2022ರ ಕೊನೆಗೆ ಬರ್ಲಿನ್ನಿನ ಹಂಬೋಲ್ಟ್ ಫೋರಮ್ಮಿನ ಮುಂದೆ ಕಲ್ಲಿನಲ್ಲಿ ಹೊಸದಾಗಿ ಸಾಂಚಿಯ ತೋರಣ ನಿಂತಿತಲ್ಲ, ಅದಕ್ಕೆ ಆಧಾರ ಆ ಹಳೆಯ ಅಚ್ಚಿನ ಪರಂಪರೆ. ಅದನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ, ಯಂತ್ರದಿಂದ ಕೊರೆದು, ಶಿಲ್ಪಿಗಳ ಕೈಯಲ್ಲಿ ಮುಗಿಸಿದರು. ನೂರೈವತ್ತು ವರ್ಷದ ಹಿಂದೆ ಯಾರೋ ತೆಗೆದಿಟ್ಟ ಪ್ಲಾಸ್ಟರು ಯಾವ ಕೆಲಸಕ್ಕೆ ಒದಗೀತೆಂದು ತೆಗೆದವರಿಗೂ ಗೊತ್ತಿರಲಿಲ್ಲ.

ತಾಮ್ರದ ಮಾತಿಗೆ ಬಂದರೆ, ಶಾಸನ ಅಧ್ಯಯನದ ಚರಿತ್ರೆಯ ಬಾಗಿಲಲ್ಲೇ ಠಾಣೆ ನಿಂತಿದೆ. 1787ರಲ್ಲಿ ಠಾಣೆಯಲ್ಲಿ ನೆಲ ಅಗೆಯುವಾಗ ತಾಮ್ರಪಟಗಳು ಸಿಕ್ಕವು: ಶಿಲಾಹಾರ ಅರಿಕೇಸರಿಯ ದಾನಪತ್ರ, ಶಕ 939, ಅಂದರೆ 1017. ಮರುವರ್ಷವೇ ಕಲ್ಕತ್ತೆಯ ‘ಏಷಿಯಾಟಿಕ್ ರಿಸರ್ಚಸ್’ ಪತ್ರಿಕೆಯ ಮೊದಲ ಸಂಪುಟದಲ್ಲಿ ಅದರ ಅನುವಾದ ಅಚ್ಚಾಯಿತು. ಇನ್ನು ಬೊರಿವಲಿಯ ಎಕ್ಸರಿನ ವೀರಗಲ್ಲುಗಳು. ಹುಟ್ಟು ಹಾಕುವ ಹಡಗುಗಳ ಸಾಲು, ನೀರಿನ ಮೇಲಿನ ಕಾಳಗ: ಕನ್ನಡ ನಾಡಿನ ಸಾವಿರಾರು ವೀರಗಲ್ಲುಗಳ ನಡುವೆ ಬೆಳೆದ ನಮ್ಮ ಕಣ್ಣಿಗೂ ಇದು ಅಪರೂಪದ ನೋಟ. ಸವೆದ ಹುಟ್ಟುಗಳನ್ನು ಒಂದೊಂದಾಗಿ ಎಣಿಸಲು, ಹಡಗಿನ ಮೂತಿಯ ಆಕಾರ ಹಿಡಿಯಲು, ಪಟ್ಟೆಬೆಳಕಿಗಿಂತ ಒಳ್ಳೆಯ ಸಾಧನ ನನಗೆ ಕಾಣದು.

ಕೊನೆಯ ಭಾಗ, ತೊಡಕುಗಳು. ತಪಾಸಣಾ ವಿಭಾಗದವನಾದ್ದರಿಂದ ಇಲ್ಲಿ ನನಗೆ ಸ್ವಲ್ಪ ಹುರುಪು ಹೆಚ್ಚು, ಸಹಿಸಿಕೊಳ್ಳಿ.

ಮೊದಲ ಶತ್ರು ಬಿಸಿಲು. ನಡುಹಗಲಿನಲ್ಲಿ ಪ್ರೊಜೆಕ್ಟರಿನ ಪಟ್ಟೆ ಕಲ್ಲಿನ ಮೇಲೆ ಬಿದ್ದದ್ದೇ ತಿಳಿಯುವುದಿಲ್ಲ. ಟಾರ್ಪಾಲು ಕಟ್ಟಿ ನೆರಳು ಮಾಡಬೇಕು, ಇಲ್ಲವೇ ಸಂಜೆಯಾಗುವುದನ್ನು ಕಾಯಬೇಕು. ಎರಡನೆಯದು ಹೊಳಪು. ಉಜ್ಜಿದ ತಾಮ್ರಪಟ ಬೆಳಕನ್ನು ಒಂದೇ ಕಡೆಗೆ ಎಸೆಯುತ್ತದೆ. ಕ್ಯಾಮೆರಾಕ್ಕೆ ಒಂದು ಕಡೆ ಕಣ್ಣು ಕುಕ್ಕುವ ಬಿಳುಪು, ಉಳಿದ ಕಡೆ ಕತ್ತಲೆ. ಗಾಢ ಕಪ್ಪು ಮೈ ಬೆಳಕನ್ನು ನುಂಗಿಬಿಡುತ್ತದೆ. ಅಮೃತಶಿಲೆಯಲ್ಲಿ ಬೆಳಕು ಸ್ವಲ್ಪ ಒಳಗಿಳಿದು ಹಿಂದಿರುಗುವುದರಿಂದ ಪಟ್ಟೆಯ ಅಂಚು ಮಸುಕಾಗಿ ಅಳತೆ ಒಳಸರಿಯುತ್ತದೆ. ಕಾರ್ಖಾನೆಯಲ್ಲಾದರೆ ಇದಕ್ಕೆ ಬಿಳಿ ಪುಡಿಯ ಸ್ಪ್ರೇ ಹೊಡೆಯುತ್ತೇವೆ. ತಾನಾಗಿ ಆವಿಯಾಗಿ ಹೋಗುವ ಸ್ಪ್ರೇಗಳೂ ಈಗ ಬಂದಿವೆ. ಶಾಸನದ ಮೇಲೆ ಯಾವುದನ್ನೂ ಹೊಡೆಯಕೂಡದು. ಆವಿಯಾಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿದ್ದರೂ ಕೂಡದು.

ಮೂರನೆಯದು ಕಣ್ಣಿಗೆ ಕಾಣದ ತಪ್ಪು. ಒಂದು ಆಳೆತ್ತರದ ಕಲ್ಲನ್ನು ಒಂದೇ ನೋಟದಲ್ಲಿ ಹಿಡಿಯಲಾಗದು. ತುಂಡುತುಂಡಾಗಿ ಸ್ಕ್ಯಾನ್ ಮಾಡಿ, ಒಂದರ ಅಂಚನ್ನು ಇನ್ನೊಂದಕ್ಕೆ ಕಂಪ್ಯೂಟರ್ ಹೊಂದಿಸಬೇಕು. ಪ್ರತಿ ಜೋಡಣೆಯಲ್ಲೂ ಕೂದಲೆಳೆಯಷ್ಟು ತಪ್ಪಿದರೆ ಕಲ್ಲಿನ ತಲೆಯಿಂದ ಬುಡಕ್ಕೆ ಬರುವಷ್ಟರಲ್ಲಿ ಅದು ಕೂಡಿಕೊಂಡಿರುತ್ತದೆ. ಪರದೆಯ ಮೇಲೆ ಚಿತ್ರ ಮಾತ್ರ ಚೆಂದವಾಗಿಯೇ ಕಾಣುತ್ತದೆ. ಆದ್ದರಿಂದ ಉದ್ದ ಗೊತ್ತಿರುವ, ಪ್ರಮಾಣೀಕರಿಸಿದ ಒಂದು ಪಟ್ಟಿಯನ್ನು ಕಲ್ಲಿನ ಪಕ್ಕದಲ್ಲಿಟ್ಟು ಅದನ್ನೂ ಸ್ಕ್ಯಾನ್ ಮಾಡಬೇಕು. ಕೊನೆಗೆ ಕಂಪ್ಯೂಟರಿನಲ್ಲಿ ಅದರ ಉದ್ದ ಸರಿ ಬಂತೇ ಎಂದು ನೋಡಬೇಕು. ಎಷ್ಟು ತಪ್ಪಿತು ಎಂಬುದನ್ನು ದಾಖಲೆಯಲ್ಲಿ ಬರೆಯಬೇಕು. ತಪ್ಪು ಎಷ್ಟೆಂದು ಬರೆಯದ ಅಳತೆಯನ್ನು ನಮ್ಮ ವಿಭಾಗದಲ್ಲಿ ಅಳತೆ ಎಂದು ಒಪ್ಪುತ್ತಿರಲಿಲ್ಲ.

ಕಡತದ ವಿಷಯವೂ ಒಂದಿದೆ. ಎಲ್ಲರೂ ಬಳಸುವ ಎಸ್‌ಟಿಎಲ್ ಕಡತದಲ್ಲಿ ಅಳತೆಯ ಮಾನವೇ ಇರುವುದಿಲ್ಲ. 500 ಎಂದರೆ ಮಿಲಿಮೀಟರೋ ಅಂಗುಲವೋ ಅದಕ್ಕೆ ಗೊತ್ತಿಲ್ಲ. ಕಲ್ಲು ಎಲ್ಲಿತ್ತು, ಯಾವತ್ತು, ಯಾವ ಯಂತ್ರದಿಂದ, ಯಾವ ಮಾನದಲ್ಲಿ ಅಳೆದರು ಎಂಬುದನ್ನು ಜೊತೆಗೆ ಬರೆದಿಡದಿದ್ದರೆ ಐವತ್ತು ವರ್ಷದ ಮೇಲೆ ಅದೊಂದು ಅನಾಥ ಆಕಾರ. ಚೆಂದಗೊಳಿಸಿದ ಪ್ರತಿಯ ಜೊತೆ, ಯಂತ್ರದಿಂದ ಬಂದ ಮೊದಲ ಕಚ್ಚಾ ಪ್ರತಿಯನ್ನೂ ಇಡಬೇಕು. ತಂತ್ರಾಂಶ ತೂತುಗಳನ್ನು ತಾನೇ ಮುಚ್ಚುತ್ತದೆ, ಒರಟನ್ನು ನಯಗೊಳಿಸುತ್ತದೆ. ಅದು ನಯಗೊಳಿಸಿದ್ದು ಅಂಬರನಾಥದ ಆ ಅಂಕಿಯಂಥದ್ದೇ ಒಂದನ್ನು ಇರಬಹುದು.

ಈ ಸಭೆಯಲ್ಲಿರುವ ತರುಣರು, ಎಲ್ಲಿಂದ ಶುರು ಮಾಡಬೇಕು ಎಂದು ಕೇಳಬಹುದು. ನನ್ನ ಅಭಿಪ್ರಾಯದಲ್ಲಿ ಅಂಬರನಾಥದಿಂದಲ್ಲ. ಅದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅಲ್ಲಿ ಏನು ಮಾಡುವುದಕ್ಕೂ ಇಲಾಖೆಯ ಅನುಮತಿ ಬೇಕು, ತಜ್ಞರ ಕಣ್ಣೂ ಅದರ ಮೇಲಿದೆ. ಯಾರ ಪಟ್ಟಿಯಲ್ಲೂ ಇಲ್ಲದ ಕಲ್ಲುಗಳು ಹಳ್ಳಿಯ ಅರಳಿಕಟ್ಟೆಯಲ್ಲಿ, ಕೆರೆಯ ಏರಿಯಲ್ಲಿ, ಹೊಸ ಟವರಿನ ಕಾಂಪೌಂಡಿನ ಮೂಲೆಯಲ್ಲಿ ನಿಂತಿವೆ; ಅವುಗಳಿಂದ ಶುರು ಮಾಡಿ. ಶಿಲಾಹಾರರ ಕಾಲದ ‘ಗಧೇಗಳ’ ಎಂಬ ಕಲ್ಲುಗಳು, ದಾನಕ್ಕೆ ಅಡ್ಡಿ ಮಾಡಿದವನಿಗೆ ಕತ್ತೆಯ ಚಿತ್ರ ಕೆತ್ತಿ ಶಾಪ ಹಾಕಿದವು, ಈ ಸೀಮೆಯ ವಿಶೇಷ. ಎಷ್ಟೋ ಕಡೆ ಅವು ಗ್ರಾಮದೇವತೆಯಾಗಿ ಪೂಜೆಗೊಳ್ಳುತ್ತಿವೆ, ಕೇಸರಿ ಆಯಿಲ್ ಪೇಂಟ್ ಪದರಪದರವಾಗಿ ಮೆತ್ತಿಕೊಂಡಿದೆ. ಸ್ಕ್ಯಾನರಿಗೆ ಪೇಂಟಿನ ಕೆಳಗಿನ ಕಲ್ಲು ಕಾಣುವುದಿಲ್ಲ, ಪೇಂಟಿನ ಮೈ ಮಾತ್ರ ಕಾಣುತ್ತದೆ. ಹಾಗೆಂದು ಪೇಂಟ್ ಕೆರೆಯಲು ಹೋಗಬೇಡಿ. ಆ ಊರಿನ ಹಿರಿಯರ ಜೊತೆ ಮರಾಠಿಯಲ್ಲಿ ನಾಲ್ಕು ಮಾತಾಡಿ, ಚಹ ಕುಡಿದು, ಇದ್ದ ಸ್ಥಿತಿಯಲ್ಲೇ ಅಳೆದುಕೊಳ್ಳಿ. ಮೆತ್ತಿದ ಪೇಂಟಿನ ಮೇಲೂ ಆಳವಾದ ಅಕ್ಷರದ ತಗ್ಗು ಎಷ್ಟೋ ಸಲ ಅಂಕಿಯಲ್ಲಿ ಸಿಗುತ್ತದೆ. ಸ್ಕ್ಯಾನರ್ ಕೈಗೆಟುಕದಿದ್ದರೆ ಮೊಬೈಲಿನಲ್ಲಿ ಸುತ್ತಲೂ ಒಂದರ ಮೇಲೊಂದು ಹಾಯುವಂತೆ ನೂರಾರು ಫೋಟೋ ತೆಗೆದು, ಅದರಿಂದಲೇ ಆಕಾರ ಕಟ್ಟುವ ತಂತ್ರಾಂಶಗಳಿವೆ. ಪಟ್ಟೆಬೆಳಕಿನಷ್ಟು ನಿಖರವಲ್ಲ, ಆದರೆ ಪಕ್ಕದಲ್ಲಿ ಒಂದು ಸ್ಟೀಲ್ ಸ್ಕೇಲ್ ಇಟ್ಟು ತೆಗೆದರೆ ಅದೂ ಅಳತೆಯೇ. ಮುಂಗಾರು ಮುಗಿದು ಕಲ್ಲಿನ ಮೇಲಿನ ಪಾಚಿ ಒಣಗಿ ಉದುರಿದ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ, ಈ ಕೆಲಸಕ್ಕೆ ಹೊರಡುವುದು ಒಳ್ಳೆಯದು.